ಅಚ್ಚಿನ ಮೇಲಿನ ಭಾರ

ಅರವತ್ತು ದಾಟಿದವನೊಬ್ಬ ನಡುಮನೆಯ ಚಾಪೆಯ ಮೇಲೆ ಕುಳಿತು, ಸಾಲಾಗಿ ರಂಧ್ರ ಕೊರೆದ ತಗಡಿನ ಪಟ್ಟಿಗಳನ್ನು ಹರವಿಕೊಂಡು, ಕಡಲೆಕಾಳಿನಷ್ಟು ಸಣ್ಣ ನಟ್ಟನ್ನು ಬೋಲ್ಟಿಗೆ ತಿರುವುತ್ತಿದ್ದರೆ ನೋಡಿದವರು ನಗುವುದು ಸಹಜ. ಆ ನಗೆಗೆ ನಾನು ಹಲವು ಸಲ ಗುರಿಯಾಗಿದ್ದೇನೆ. ಮಾಸ್ತರರಿಗೆ ಮತ್ತೆ ಬಾಲ್ಯ ಬಂದಿದೆ ಎಂದು ಆಡಿಕೊಂಡವರೂ ಉಂಟು. ಆದರೆ ನನ್ನ ಮಟ್ಟಿಗೆ ಅದು ಬಾಲ್ಯಕ್ಕೆ ಮರಳುವ ಮಾತಾಗಿರಲಿಲ್ಲ. ಬಾಲ್ಯದಲ್ಲಿ ಅರ್ಧಕ್ಕೆ ಬಿಟ್ಟ ಒಂದು ಪಾಠಕ್ಕೆ ಮರಳುವ ಮಾತಾಗಿತ್ತು.

ನಮ್ಮ ಊರು ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲೂಕಿನ ತಂಗಡಗಿ. ಕೃಷ್ಣೆಯ ದಂಡೆಯ ಈ ಊರನ್ನು ನಾಡು ನೀಲಮ್ಮನವರ ಐಕ್ಯಸ್ಥಳವೆಂದು, ಹಡಪದ ಅಪ್ಪಣ್ಣನವರ ನೆನಪಿನ ನೆಲವೆಂದು ಬಲ್ಲದು. ಕೂಡಲಸಂಗಮ ಇಲ್ಲಿಂದ ದೂರವಲ್ಲ. ಈ ಊರಿಗೆ ಇನ್ನೊಂದು ವಿಳಾಸವೂ ಇದೆ: ಇದು ಎರಡು ಅಣೆಕಟ್ಟುಗಳ ನಡುವಿನ ಊರು. ಹೊಳೆಯ ಮೇಲ್ಗಡೆ ಆಲಮಟ್ಟಿ, ಕೆಳಗಡೆ ನಾರಾಯಣಪುರ. ಒಂದಕ್ಕೆ 26 ಬಾಗಿಲು, ಇನ್ನೊಂದಕ್ಕೆ 30. ಮಳೆಗಾಲದಲ್ಲಿ ನಮ್ಮ ಹೊಳೆ ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂಬುದನ್ನು ಮುಗಿಲಿನ ಜೊತೆಗೆ ಈ ಬಾಗಿಲುಗಳೂ ನಿರ್ಧರಿಸುತ್ತವೆ. "ಗೇಟ್ ಎತ್ತಿದರಂತೆ" ಎಂಬ ಮಾತು ಇಲ್ಲಿ ಮಳೆ ಬಂತಂತೆ ಎಂಬಷ್ಟೇ ಸಾಮಾನ್ಯ.

2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ಕಿಗೂ ಮಿಕ್ಕಿ ನೀರು ಬಂದ ದಿನಗಳಲ್ಲಿ ನಾವೆಲ್ಲ ದಂಡೆಯ ಮೇಲೆ ನಿಂತು ಹೊಳೆಯನ್ನು ನೋಡುತ್ತಿದ್ದೆವು. ನನ್ನ ಪಕ್ಕದಲ್ಲಿ ನಮ್ಮ ಓಣಿಯ ಬಡಿಗೇರ ಕಾಕಾ ಇದ್ದರು. ಒಂದು ಕಾಲಕ್ಕೆ ಸುತ್ತಿನ ಹಳ್ಳಿಗಳಿಗೆಲ್ಲ ಬಂಡಿ ಕಟ್ಟಿಕೊಟ್ಟ ಕೈ ಅವರದು. ಬಹಳ ಹೊತ್ತು ಸುಮ್ಮನಿದ್ದು ಅವರು ಕೇಳಿದರು: "ಮಾಸ್ತರ್ರ, ಸಮುದ್ರದಂಥಾ ನೀರು ತಡದು ನಿಂತ ಬಾಗಲಾ ಅದು. ಅದನ್ನ ಒಂದು ಮೋಟಾರ ಹ್ಯಾಂಗ ಎತ್ತತೈತ್ರಿ?"

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಕೃಷ್ಣೆಯ ಮೇಲಿನ ಕಾವ್ಯವನ್ನು ಕೇಳಿದ್ದರೆ ಒಂದು ತಾಸು ಮಾತನಾಡುತ್ತಿದ್ದೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ದೊಡ್ಡ ಯಂತ್ರ ಇರತಾವ ಕಾಕಾ" ಎಂದು ಹೇಳಿ ಜಾರಿಕೊಂಡೆ. ಅದು ಉತ್ತರವಲ್ಲವೆಂಬುದು ಅವರಿಗೂ ತಿಳಿಯಿತು. ನಮ್ಮ ಮನೆ ಮಾರುಗಳ ಅಳಿವು ಉಳಿವು ಯಾವುದರ ಕೈಯಲ್ಲಿದೆಯೋ ಅದು ಕೆಲಸ ಮಾಡುವ ಬಗೆಯೇ ನನಗೆ ತಿಳಿಯದೆಂಬ ಅರಿವು ನನ್ನನ್ನು ನಾಚಿಸಿತು. ನೆರೆ ಇಳಿದ ಮೇಲೆ ಮನೆಯ ಹಳೆಯ ಟ್ರಂಕನ್ನು ತೆರೆದೆ. ಅದರ ತಳದಲ್ಲಿ ಸೋದರಮಾವ ಮುಂಬಯಿಯಿಂದ ತಂದುಕೊಟ್ಟಿದ್ದ ಮೆಕ್ಯಾನೋ ಪೆಟ್ಟಿಗೆ ಐವತ್ತು ವರ್ಷಗಳಿಂದ ಮಲಗಿತ್ತು.

ಮೆಕ್ಯಾನೋ ಎಂಬುದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದ ಆಟಿಕೆ. ಅದನ್ನು ಕಂಡುಹಿಡಿದ ಫ್ರಾಂಕ್ ಹಾರ್ನ್‌ಬಿ ಎಂಜಿನಿಯರನಲ್ಲ. ಮಾಂಸ ಆಮದು ಮಾಡುವ ವ್ಯಾಪಾರಿಯೊಬ್ಬನಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತ. ತನ್ನ ಮಕ್ಕಳಿಗಾಗಿ ಭಾರ ಎತ್ತುವ ಕ್ರೇನಿನ ಮಾದರಿ ಮಾಡಲು ಹೊರಟಾಗ, ಪ್ರತಿಯೊಂದು ಮಾದರಿಗೂ ಬೇರೆ ಬೇರೆ ತುಣುಕುಗಳನ್ನು ಕತ್ತರಿಸುವ ಬದಲು, ಒಂದೇ ಬಗೆಯ ತುಣುಕುಗಳನ್ನು ಬಿಚ್ಚಿ ಜೋಡಿಸಿ ಎಲ್ಲವನ್ನೂ ಕಟ್ಟುವಂತಿದ್ದರೆ ಹೇಗೆ ಎಂದು ಅವನಿಗೆ ಹೊಳೆಯಿತು. ಅರ್ಧ ಅಂಗುಲ ಅಗಲದ ಲೋಹದ ಪಟ್ಟಿ, ಅದರಲ್ಲಿ ಅರ್ಧ ಅಂಗುಲಕ್ಕೊಂದು ರಂಧ್ರ. ಅವನ ಶೋಧವೆಲ್ಲ ಇಷ್ಟರಲ್ಲಿದೆ. 1901ರಲ್ಲಿ ಅವನಿಗೆ ಇದರ ಪೇಟೆಂಟ್ ದೊರೆಯಿತು. 1907ರಲ್ಲಿ ಮೆಕ್ಯಾನೋ ಎಂಬ ಹೆಸರು ಬಂತು. ಲಿವರ್‌ಪೂಲಿನ ಆ ಪ್ರಸಿದ್ಧ ಕಾರ್ಖಾನೆ 1979ರಲ್ಲಿ ಮುಚ್ಚಿತು.

ಈ ಚರಿತ್ರೆಯನ್ನು ಓದುವಾಗ ನನಗೆ ನೆನಪಾದುದು ನಮ್ಮದೇ ಹೊಲದ ಆಟಿಕೆ. ಸುಗ್ಗಿ ಮುಗಿದ ಮೇಲೆ ಬಿಳಿಜೋಳದ ಒಣಗಿದ ದಂಟನ್ನು ಸೀಳಿ, ಒಳಗಿನ ಹಗುರ ಬೆಂಡನ್ನು ತುಂಡು ಮಾಡಿ, ಹೊರಗಿನ ಗಟ್ಟಿ ಸಿಬಿರನ್ನು ಅದಕ್ಕೆ ಚುಚ್ಚಿ, ನಾವು ಬಂಡಿಗಳನ್ನು ಮಾಡುತ್ತಿದ್ದೆವು. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತುಗಳಾದರೆ, ಅವುಗಳ ಬಂಡಿ ದಂಟಿನದು. ಸಿಬಿರು ನಮ್ಮ ಪಟ್ಟಿ, ಬೆಂಡು ನಮ್ಮ ನಟ್ಟು. ತತ್ತ್ವ ಒಂದೇ, ಭೇದವಿರುವುದು ಅಳತೆಯಲ್ಲಿ. ಬೆಂಡನ್ನು ಎಲ್ಲಿ ಬೇಕಾದರೂ ಚುಚ್ಚಬಹುದು, ತಪ್ಪಿದರೆ ಒತ್ತಿ ಸರಿಪಡಿಸಬಹುದು. ಲೋಹದ ಪಟ್ಟಿ ಹಾಗೆ ಒಪ್ಪುವುದಿಲ್ಲ. ರಂಧ್ರವಿದ್ದಲ್ಲಿಯೇ ಬೋಲ್ಟು ಕೂಡಬೇಕು. ಛಂದಸ್ಸಿನ ಗಣನಿಯಮದಂತೆ ಅದು ನಮ್ಮನ್ನು ಕಟ್ಟಿಹಾಕುತ್ತದೆ, ಆ ಕಟ್ಟಿನಿಂದಲೇ ಯೋಚಿಸುವುದನ್ನು ಕಲಿಸುತ್ತದೆ.

ಈ ಅರ್ಧ ಅಂಗುಲದ ಕಟ್ಟಿನೊಳಗೆ ಎಷ್ಟು ಜಾಣತನ ಅಡಗಿದೆಯೆಂಬುದು ಬಾಲ್ಯದಲ್ಲಿ ನನಗೆ ತಿಳಿದಿರಲಿಲ್ಲ. ಪೆಟ್ಟಿಗೆಯ ಹಲ್ಲಿನ ಚಕ್ರಗಳನ್ನೇ ನೋಡಿ. 19 ಹಲ್ಲಿನ ಸಣ್ಣ ಚಕ್ರಕ್ಕೂ 57 ಹಲ್ಲಿನ ದೊಡ್ಡ ಚಕ್ರಕ್ಕೂ ನಡುವಿನ ಅಂತರ ಸರಿಯಾಗಿ ಒಂದು ಅಂಗುಲ, ಅಂದರೆ ಎರಡು ರಂಧ್ರಗಳ ದೂರ. 25 ಹಲ್ಲಿನದನ್ನು 50 ಹಲ್ಲಿನದಕ್ಕೆ ಜೋಡಿಸಿದರೂ ಅದೇ ದೂರ ಸಾಕು. ಮೊದಲನೆಯ ಜೋಡಿಯಲ್ಲಿ ಸಣ್ಣದು ಮೂರು ಸುತ್ತು ಬಂದರೆ ದೊಡ್ಡದು ಒಂದು ಸುತ್ತು. ಎರಡನೆಯದರಲ್ಲಿ ಎರಡಕ್ಕೆ ಒಂದು. ತಿರುಪಿನಂತಹ ಇನ್ನೊಂದು ಚಕ್ರವಿದೆ. ಅದು 57 ಸುತ್ತು ಬಂದಾಗ ಮಾತ್ರ 57 ಹಲ್ಲಿನ ಚಕ್ರ ಒಂದು ಸಲ ತಿರುಗುತ್ತದೆ. ವೇಗ ಕುಗ್ಗಿದಷ್ಟೂ ಬಲ ಹಿಗ್ಗುತ್ತದೆ. ಮೇಲಾಗಿ, ತಿರುಪು ದೊಡ್ಡ ಚಕ್ರವನ್ನು ತಿರುಗಿಸಬಲ್ಲದು, ಆದರೆ ದೊಡ್ಡ ಚಕ್ರ ತಿರುಪನ್ನು ತಿರುಗಿಸಲಾರದು. ಎತ್ತಿದ ಭಾರ ಕೈಬಿಟ್ಟರೂ ಕೆಳಗೆ ಬೀಳದು.

ಇದು ಬರಿಯ ಮಕ್ಕಳಾಟವೆನ್ನುವವರಿಗೆ ಒಂದು ಸಂಗತಿ ಹೇಳಬೇಕು. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡಗ್ಲಸ್ ಹಾರ್ಟ್ರೀ ಎಂಬ ಪ್ರಾಧ್ಯಾಪಕರು, ಆರ್ಥರ್ ಪೋರ್ಟರ್ ಎಂಬ ಶಿಷ್ಯನೊಡನೆ, ಬಹುಮಟ್ಟಿಗೆ ಮೆಕ್ಯಾನೋ ತುಣುಕುಗಳಿಂದಲೇ ಗಣಿತದ ಅವಕಲ ಸಮೀಕರಣಗಳನ್ನು ಬಿಡಿಸುವ ಯಂತ್ರವೊಂದನ್ನು ಕಟ್ಟಿದರು. ಅದು ಆಟಕ್ಕೆ ನಿಂತ ಯಂತ್ರವಾಗಿರಲಿಲ್ಲ, ನಿಜವಾದ ಸಂಶೋಧನೆಗೆ ಬಳಕೆಯಾಯಿತು. ಮುಂದೆ ಅಲ್ಲಿ ಪೂರ್ಣಪ್ರಮಾಣದ ಯಂತ್ರ ಬರಲು ಅದೇ ಮೊದಲ ಹೆಜ್ಜೆಯಾಯಿತು.

ನಾನು ಕಟ್ಟಹೊರಟದ್ದು ಅಷ್ಟು ದೊಡ್ಡದಲ್ಲ, ಆಲಮಟ್ಟಿಯ ಒಂದು ಬಾಗಿಲು ಮಾತ್ರ. ಕಳೆದುಹೋದ ತುಣುಕುಗಳಿಗೆ ಬದಲಾಗಿ ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಕತ್ತರಿಸಿ ರಂಧ್ರ ಹೊಡೆಸಿದೆ. ಆ ಬಾಗಿಲು ನಾವು ತಿಳಿದಂತೆ ನೆಟ್ಟಗಿನ ಹಲಗೆಯಲ್ಲ. ನೀರಿನ ಕಡೆಗೆ ಉಬ್ಬಿದ, ವೃತ್ತದ ಒಂದು ಕಂಸದಂತಿರುವ ಉಕ್ಕಿನ ಹಾಳೆ ಅದು. ಅದರ ಬೆನ್ನಿಗೆ ಎರಡು ಬದಿಯಲ್ಲಿ ಉಕ್ಕಿನ ತೋಳುಗಳು. ಆ ತೋಳುಗಳು ಹಿಂದಿನ ಕಂಬದಲ್ಲಿ ನೆಟ್ಟ ದಪ್ಪ ಅಚ್ಚಿನ ಸುತ್ತ ತಿರುಗುತ್ತವೆ. ಬಾಗಿಲು ಏರುವುದೆಂದರೆ ಈ ಅಚ್ಚಿನ ಸುತ್ತ ತೂಗುವುದು.

ಇಂಥ ಬಾಗಿಲು 15 ಮೀಟರು ಅಗಲ, 15 ಮೀಟರು ಎತ್ತರವಿದೆಯೆಂದು, ನೀರು ಅದರ ನೆತ್ತಿಯವರೆಗೆ ನಿಂತಿದೆಯೆಂದು ಊಹಿಸಿಕೊಳ್ಳಿ. ತಳದಲ್ಲಿ ಒತ್ತಡ ಹೆಚ್ಚು, ಮೇಲೆ ಸೊನ್ನೆ. ಸರಾಸರಿ ಆಳ ಏಳೂವರೆ ಮೀಟರು. ಗುಣಿಸಿ ನೋಡಿದರೆ ನೀರು ಬಾಗಿಲನ್ನು ಅಡ್ಡಡ್ಡಲಾಗಿ ನೂಕುವ ಬಲ ಸುಮಾರು 1,700 ಟನ್ ಭಾರಕ್ಕೆ ಸಮ. ಕಾಕಾ ಕೇಳಿದ ಪ್ರಶ್ನೆಯ ಭಾರ ಇದು.

ಉತ್ತರ ಶಾಲೆಯ ರೇಖಾಗಣಿತದಲ್ಲಿದೆ. ನೀರು ತಾನು ಮುಟ್ಟಿದ ಮೇಲ್ಮೈಯನ್ನು ಸದಾ ಲಂಬವಾಗಿಯೇ ಒತ್ತುತ್ತದೆ. ವೃತ್ತಕ್ಕೆ ಎಲ್ಲಿ ಲಂಬ ಎಳೆದರೂ ಆ ರೇಖೆ ಕೇಂದ್ರದ ಮೂಲಕವೇ ಹಾಯುತ್ತದೆ. ತೋಳುಗಳ ಅಚ್ಚನ್ನು ಆ ಕೇಂದ್ರದಲ್ಲಿಯೇ ನೆಟ್ಟರೆ ನೀರಿನ ಒತ್ತಡವೆಲ್ಲ ಅಚ್ಚಿನ ಮೇಲೆ ಹೋಗಿ ಕೂಡುತ್ತದೆ. ಬಾಗಿಲನ್ನು ತಿರುಗಿಸುವ ಬಲ ಅದರಲ್ಲಿ ಉಳಿಯುವುದಿಲ್ಲ. ಎತ್ತುವ ಯಂತ್ರಕ್ಕೆ ಉಳಿಯುವುದು ಬಾಗಿಲಿನ ಸ್ವಂತ ತೂಕ ಮತ್ತು ಒಂದಿಷ್ಟು ತಿಕ್ಕಾಟ.

ಓದಿದಾಗ ಇದು ಸುಲಭವೆನಿಸಿತು. ನಂಬಿಕೆ ಬಂದದ್ದು ಕೈಯಿಂದ. ತಗಡಿನ ತೊಟ್ಟಿಯೊಂದರ ಬಾಯಿಗೆ ನನ್ನ ಬಾಗಿಲನ್ನು ಕೂಡಿಸಿ, ಅಂಚಿಗೆ ರಬ್ಬರು ಹಚ್ಚಿ, ಒಂದು ಗೇಣು ನೀರು ತುಂಬಿದೆ. ಬಾಗಿಲಿನ ದಾರವನ್ನು ರಾಟೆಯ ಮೇಲೆ ಹಾಯಿಸಿ, ಅದರ ತುದಿಗೆ ಡಬ್ಬಿ ಕಟ್ಟಿ, ಬಾಗಿಲು ಮಿಸುಕುವವರೆಗೆ ಬೋಲ್ಟುಗಳನ್ನು ಒಂದೊಂದಾಗಿ ಹಾಕುತ್ತ ಹೋದೆ. ಮೊದಲ ಸಲ ಲೆಕ್ಕಕ್ಕಿಂತ ಬಹಳ ಹೆಚ್ಚು ಬೋಲ್ಟುಗಳು ಬೇಕಾದವು. ಎರಡು ದಿನ ತಿಕ್ಕಾಟವನ್ನು ಹಳಿದೆ. ಮೂರನೆಯ ದಿನ ಎಣಿಸಿ ನೋಡಿದರೆ, ಅಚ್ಚನ್ನು ಕೇಂದ್ರಕ್ಕಿಂತ ಒಂದು ರಂಧ್ರ ಮೇಲೆ ನೆಟ್ಟಿದ್ದೆ. ಆ ಅರ್ಧ ಅಂಗುಲದ ತಪ್ಪಿನಿಂದ ನೀರು ಬಾಗಿಲನ್ನು ಕೆಳಗೆ ಅದುಮುತ್ತಿತ್ತು. ಒಂದು ರಂಧ್ರ ಕೆಳಗೆ ನೆಟ್ಟು ನೋಡಿದೆ: ಈಗ ನೀರು ತಾನೇ ಬಾಗಿಲನ್ನು ಮೇಲೆತ್ತಲು ನೆರವಾಯಿತು. ಸರಿಯಾದ ರಂಧ್ರಕ್ಕೆ ತಂದಾಗ ನೀರು ಎರಡೂ ಕಡೆಗೆ ನಿಲ್ಲದೆ ತಟಸ್ಥವಾಯಿತು. ಬಾಲಕನಾಗಿದ್ದರೆ ಮೊದಲ ದಿನವೇ ಬೇಸತ್ತು ಬಿಚ್ಚಿಹಾಕುತ್ತಿದ್ದೆ. ತಪ್ಪಿನ ಮುಂದೆ ಮೂರು ದಿನ ಕೂಡುವ ತಾಳ್ಮೆಯೊಂದೇ ವಯಸ್ಸು ನನಗೆ ಕೊಟ್ಟ ಲಾಭ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಅವು ನೆಟ್ಟಗೆ ಏರಿಳಿಯುವ, ಸರಪಳಿಗೆ ತೂಗುಬಿಟ್ಟ ಬಾಗಿಲುಗಳು. ನಮ್ಮವುಗಳ ಬಗೆಯೇ ಬೇರೆ. ಆದರೂ ಆ ಸುದ್ದಿ ನಮ್ಮ ದಂಡೆಯಲ್ಲಿಯೂ ನಿದ್ದೆ ಕೆಡಿಸಿತು. ಮರುವಾರ ಬಡಿಗೇರ ಕಾಕಾ ನನ್ನ ಮನೆಗೆ ಬಂದರು. ಐದು ವರ್ಷದ ಹಿಂದಿನ ಸಾಲ ತೀರಿಸುವವನಂತೆ ನಾನು ಮಾದರಿಯನ್ನು ಅವರ ಮುಂದಿಟ್ಟೆ. ಲಂಬ, ಕಂಸ, ಕೇಂದ್ರ ಎಂದು ವಿವರಿಸಲು ತೊಡಗಿದೆ. ಅವರು ಕೇಳಲಿಲ್ಲ. ಬಾಗಿಲನ್ನು ಬೆರಳಿನಿಂದ ಎತ್ತಿದರು, ಇಳಿಸಿದರು, ಅಚ್ಚನ್ನು ಮುಟ್ಟಿ ನೋಡಿದರು.

"ಇದು ನಮ್ಮ ಬಂಡೀನ ಅಲ್ಲೇನ್ರಿ? ಭಾರೆಲ್ಲಾ ಅಚ್ಚಿನ ಮ್ಯಾಲೆ ಬಿತ್ತಂದ್ರ ಎತ್ತಿನ ಹೆಗಲಿಗೆ ಏನೂ ಇಲ್ಲ."

ನಿಜ. ಬಂಡಿಗೆ ಚೀಲ ಹೇರುವಾಗ ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದೆ ಹೆಚ್ಚಾದರೆ ನೊಗ ಮೇಲಕ್ಕೇಳುತ್ತದೆ. ಅಚ್ಚಿನ ನೇರಕ್ಕೆ ಸರಿತೂಗಿಸಿ ಹೇರುವುದು ನಮ್ಮ ಒಕ್ಕಲಿಗರು ತಲೆಮಾರುಗಳಿಂದ ಬಲ್ಲ ವಿದ್ಯೆ. ನಾನು ಮೂರು ದಿನ ರಂಧ್ರ ಎಣಿಸಿ ಕಂಡದ್ದನ್ನು ಅವರ ಕೈ ಒಂದು ನಿಮಿಷದಲ್ಲಿ ಗುರುತಿಸಿತು. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಏಳುವಾಗ ಕೇಳಿದರು: "ಅಷ್ಟು ಭಾರ ಹೊತ್ತ ಅಚ್ಚಿಗೆ ಎಣ್ಣಿ ಯಾರು ಹಾಕ್ತಾರ್ರಿ?"

ಈ ಸಲವೂ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಈ ಸಲ ನಾನು ಜಾರಿಕೊಳ್ಳಲಿಲ್ಲ, ಹುಡುಕಿ ಓದಿದೆ. 1995ರ ಜುಲೈ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಫಾಲ್ಸಮ್ ಅಣೆಕಟ್ಟಿನಲ್ಲಿ, ಇದೇ ಬಗೆಯ ಬಾಗಿಲೊಂದು ಎತ್ತುತ್ತಿರುವಾಗಲೇ ಮುರಿದುಹೋಗಿತ್ತು. ಅಚ್ಚಿಗೆ ತುಕ್ಕು ಹಿಡಿದು ತಿಕ್ಕಾಟ ಹೆಚ್ಚಿದ್ದೂ, ಆ ತಿಕ್ಕಾಟವನ್ನು ತೋಳುಗಳ ಕಟ್ಟು ತಾಳದೆ ಹೋದದ್ದೂ ಅದಕ್ಕೆ ಕಾರಣವೆಂದು ತನಿಖೆಯಲ್ಲಿ ತಿಳಿಯಿತು. ಆ ಬಳಿಕ ಇಂಥ ಬಾಗಿಲುಗಳ ಅಚ್ಚಿನ ಆರೈಕೆಗೆ ಎಂಜಿನಿಯರರು ಹೆಚ್ಚಿನ ಗಮನ ಕೊಟ್ಟರು. ಬಂಡಿ ಕಟ್ಟುವ ಮುದುಕನ ಪ್ರಶ್ನೆ ಆ ತನಿಖೆಯ ಮೂಲಕ್ಕೇ ತಾಗಿತ್ತು.

ಕಾಕಾ ಅವರಿಗೆ ಇದನ್ನು ಹೇಳಿದೆ. ಅವರು ತಲೆದೂಗಿದರು, ಆಶ್ಚರ್ಯಪಡಲಿಲ್ಲ. ಈಗ ಮಳೆಗಾಲದಲ್ಲಿ ಗೇಟ್ ಎತ್ತಿದರಂತೆ ಎಂಬ ಸುದ್ದಿ ಬಂದಾಗ ನಾನು ಹೊಳೆಯ ಮಟ್ಟವನ್ನಷ್ಟೇ ನೋಡುವುದಿಲ್ಲ. ಆಲಮಟ್ಟಿಯ ಆ ಐವತ್ತೆರಡು ಅಚ್ಚುಗಳನ್ನೂ, ಅವುಗಳಿಗೆ ಗ್ರೀಸು ಹಚ್ಚುವ ಹೆಸರಿಲ್ಲದ ಕೈಗಳನ್ನೂ ನೆನೆಯುತ್ತೇನೆ. ಮಾದರಿ ನಡುಮನೆಯಲ್ಲಿಯೇ ಇದೆ. ವಾರಕ್ಕೊಮ್ಮೆ ಅದರ ಅಚ್ಚಿಗೆ ಒಂದು ಹನಿ ಎಣ್ಣೆ ಬಿಡುತ್ತೇನೆ.