ಪೆಪ್ಪರ್ ಅಂದರೆ ಯಾವುದು?

ಕಿರಾಣಿ ಆ್ಯಪ್‌ನಲ್ಲಿ ‘ಪೆಪ್ಪರ್’ ಎಂದು ಹುಡುಕಿ: ಕಾಳುಮೆಣಸು, ದೊಣ್ಣೆಮೆಣಸಿನಕಾಯಿ ಎರಡೂ ಬರುತ್ತವೆ. ದೋಷ ಸಾಫ್ಟ್‌ವೇರಿನದಲ್ಲ, ಪದದ್ದು. ಅದರ ಮೂಲ ಸಂಸ್ಕೃತದ ಪಿಪ್ಪಲಿ, ಅಂದರೆ ನಮ್ಮ ಹಿಪ್ಪಲಿ. ಗ್ರೀಕ್, ಲ್ಯಾಟಿನ್ ದಾಟಿ ಇಂಗ್ಲಿಷಿಗೆ ಬಂದ ಪದ ಕಾಳುಮೆಣಸಿಗೆ ಅಂಟಿಕೊಂಡಿತು. 1492ರಲ್ಲಿ ಸಾಂಬಾರ ಪದಾರ್ಥ ಹುಡುಕುತ್ತ ಹೊರಟ ಕೊಲಂಬಸ್ ಅಮೆರಿಕದ ಖಾರದ ಕಾಯಿಯನ್ನೂ ಮೆಣಸೆಂದೇ ಬಗೆದ. ಇಂಗ್ಲಿಷಿನಲ್ಲೂ ಅದು ಪೆಪ್ಪರ್ ಆಯಿತು.

ಪೋರ್ಚುಗೀಸರು ಆ ಕಾಯಿಯನ್ನು ಇಲ್ಲಿಗೆ ತಂದಾಗ ನಾವು ‘ಕಾಯಿ’ ಸೇರಿಸಿ ಗೊಂದಲ ತಪ್ಪಿಸಿದೆವು: ಮೆಣಸು, ಮೆಣಸಿನಕಾಯಿ. ಚೆನ್ನೈಯಲ್ಲೂ ಹಾಗೆಯೇ: ಮಿಳಗು, ಮಿಳಗಾಯ್. ಹೈದರಾಬಾದಿನಲ್ಲಿ ಮಿರಿಯಾಲು, ಮಿರಪಕಾಯ. ಪುಣೆಯಲ್ಲಿ ಮಿರಿ, ಮಿರ್ಚಿ.

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಎಲ್ಲವೂ ಪೆಪ್ಪರ್ ಆದರೆ, ನೆಗಡಿಗೆ ಅಜ್ಜಿ ಫೋನಿನಲ್ಲಿ ಹೇಳುವ ಮೆಣಸಿನ ಸಾರು ಅರ್ಥವಾಗುವುದು ಹೇಗೆ? ಡಬ್ಬಿಗಳ ಮೇಲೆ ಕನ್ನಡದ ಹೆಸರೇ ಇರಲಿ.