ಕ್ಯಾನ್ಸರ್ ಗಂಟಿದ್ದರೂ ಕಾಯಿರಿ ಎನ್ನುವುದೇಕೆ?

ಕೋಣನಕುಂಟೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಎಪ್ಪತ್ತು ದಾಟಿದ ಯಜಮಾನರಿಗೆ ಗಡ್ಡ ಹೆರೆದುಕೊಳ್ಳುವಾಗ ಕತ್ತಿನ ಪಕ್ಕ ಅಡಕೆ ಗಾತ್ರದ ಗಂಟು ಕೈಗೆ ಸಿಗುತ್ತದೆ. ನೋವಿಲ್ಲ, ಜ್ವರವಿಲ್ಲ. ಬಯಾಪ್ಸಿಯಲ್ಲಿ ‘ಫಾಲಿಕ್ಯುಲರ್ ಲಿಂಫೋಮಾ’ ಎಂದು ಬರುತ್ತದೆ. ಹೌಹಾರಿ ಓಡಿದ ಮನೆಮಂದಿಗೆ ವೈದ್ಯರು, ‘ಈಗೇನೂ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ’ ಎನ್ನುತ್ತಾರೆ. ಕ್ಯಾನ್ಸರ್ ಇಟ್ಟುಕೊಂಡು ಸುಮ್ಮನಿರುವುದೇ ಎಂದು ಮಗ ರೇಗುವುದು ಸಹಜ.

ಆದರೂ ವೈದ್ಯರ ಮಾತು ಸರಿ. ದುಗ್ಧರಸ ಗ್ರಂಥಿಗಳಲ್ಲಿರುವ ಬಿ-ಕಣಗಳೆಂಬ ಬಿಳಿ ರಕ್ತಕಣಗಳು ಹದ್ದು ಮೀರಿ ಬೆಳೆಯುವ ಕಾಯಿಲೆ ಇದು. ನಡಿಗೆ ಬಹು ನಿಧಾನ. 2003ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಇಂಥ ನಿಧಾನಗತಿಯ ಲಿಂಫೋಮಾ ಇದ್ದೂ ತೊಂದರೆಯಿಲ್ಲದ ರೋಗಿಗಳಿಗೆ ಕೂಡಲೇ ಕೀಮೋ ಮಾತ್ರೆ ಕೊಟ್ಟರೂ, ಕಾದು ಕೊಟ್ಟರೂ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾದವರ ಪೈಕಿ ಎಪ್ಪತ್ತು ಮೀರಿದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಹತ್ತು ವರ್ಷವಾದರೂ ಕೀಮೋ ಬೇಕಾಗಲಿಲ್ಲ.

ಕಾಯುವಾಗ ತಪಾಸಣೆ ತಪ್ಪಿಸಬಾರದು. ಗಂಟು ದಿಢೀರನೆ ದೊಡ್ಡದಾದರೆ, ರಾತ್ರಿ ಬೆವತು ಹಾಸಿಗೆ ಒದ್ದೆಯಾದರೆ, ಕಾರಣವಿಲ್ಲದೆ ತೂಕ ಇಳಿದರೆ ಕೂಡಲೇ ವೈದ್ಯರನ್ನು ಕಾಣಿರಿ. (ಕತ್ತಿನ ಗಂಟೆಂದರೆ ಕ್ಷಯವೇ ಎಂದು ಊಹಿಸಿ, ಬಯಾಪ್ಸಿ ಮಾಡಿಸದೆ ಮಾತ್ರೆ ನುಂಗುವ ರೂಢಿ ನಮ್ಮಲ್ಲುಂಟು. ಅದು ಬೇಡ.)

ಮದ್ದು ಬೇಕಾದಾಗ ಮೊದಲು ನೆನಪಾಗುವುದು ರಿಟುಕ್ಸಿಮ್ಯಾಬ್. ಬಿ-ಕಣಗಳ ಮೈಮೇಲಿನ ಒಂದು ಗುರುತನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯ ಇದು. ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಪಡೆಯಿತು; 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ತನ್ನದೇ ತಯಾರಿಕೆಯನ್ನು ಅಗ್ಗದ ಬೆಲೆಗೆ ತಂದಿತು. ಕೊಡುವ ಮುನ್ನ ಹೆಪಟೈಟಿಸ್-ಬಿ ಪರೀಕ್ಷೆ ಆಗಲೇಬೇಕು. ಅಡಗಿರುವ ವೈರಸ್ಸು ಈ ಮದ್ದಿನಿಂದ ಮತ್ತೆ ತಲೆಯೆತ್ತಬಹುದು.

ರೋಗ ಮತ್ತೆ ಮತ್ತೆ ಮರಳಿದರೆ? 2022ರಲ್ಲಿ ಯುರೋಪು, ಅಮೆರಿಕ ಒಪ್ಪಿದ ಮೊಸುನೆಟುಜುಮ್ಯಾಬ್ ಒಂದು ಕೈಯಲ್ಲಿ ಕ್ಯಾನ್ಸರ್ ಕಣವನ್ನೂ ಇನ್ನೊಂದರಲ್ಲಿ ನಮ್ಮದೇ ಟಿ-ಕಣವನ್ನೂ ಹಿಡಿದು ಎದುರುಬದುರು ನಿಲ್ಲಿಸುತ್ತದೆ. ಕಾರ್-ಟಿ ಚಿಕಿತ್ಸೆಯಲ್ಲಿ ರೋಗಿಯ ಟಿ-ಕಣಗಳನ್ನೇ ಹೊರತೆಗೆದು, ತಿದ್ದಿ, ಮತ್ತೆ ಸೇರಿಸುತ್ತಾರೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ಸೇರಿ ರೂಪಿಸಿದ ಇಂಥ ಚಿಕಿತ್ಸೆಗೆ 2023ರಲ್ಲಿ ಭಾರತ ಒಪ್ಪಿಗೆ ಕೊಟ್ಟಿತು. ಬೊಮ್ಮಸಂದ್ರದ ಇಮ್ಯುನೀಲ್ ಸಂಸ್ಥೆ 2025ರಲ್ಲಿ ತನ್ನದನ್ನು ತಂದಿತು. ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಬೊಮ್ಮಸಂದ್ರ. ದಾರಿ ಸಲೀಸು, ಖರ್ಚು ಮಾತ್ರ ಹತ್ತಾರು ಲಕ್ಷ. ತೀವ್ರ ಜ್ವರ, ರಕ್ತದೊತ್ತಡ ಕುಸಿತದಂಥ ಅಪಾಯಗಳೂ ಇವೆ. ಬೇರೆ ಮದ್ದುಗಳು ಸೋತ ಮೇಲಷ್ಟೇ ಇದರ ಸರದಿ.

ನಮ್ಮ ಯಜಮಾನರಿಗೆ ಸದ್ಯ ಇವಾವುದೂ ಬೇಡ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಹೊಸೂರು ರಸ್ತೆಯ ಸರ್ಕಾರಿ ಕಿದ್ವಾಯಿ ಸಂಸ್ಥೆ ಇದೆ. ವರದಿಯ ಜತೆ ಬಯಾಪ್ಸಿಯ ಗಾಜಿನ ಸ್ಲೈಡು, ಮೇಣದ ಬ್ಲಾಕುಗಳನ್ನೂ ಪ್ರಯೋಗಾಲಯದಿಂದ ಕೇಳಿ ಪಡೆದು ಒಯ್ಯಿರಿ.