ನುಗ್ಗೆಬೀಜ: ಗುಣವೆಷ್ಟು, ಅಪಾಯವೆಷ್ಟು?

ನಾನು ಹೋಟೆಲು ನಡೆಸುತ್ತಿದ್ದಾಗ ನಮ್ಮ ಅಡುಗೆಯ ಭಟ್ಟರು ಯಾರದೋ ಮಾತು ನಂಬಿ, ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸಿ ದಿನವೂ ನುಗ್ಗೆಬೀಜ ನುಂಗತೊಡಗಿದರು. ತಿಂಗಳೊಳಗೆ ಆಸ್ಪತ್ರೆ ಸೇರಿದರು. ಆ ಬೀಜದಿಂದ ಈ ರೋಗ ವಾಸಿಯಾಗುವುದೆಂದು ಯಾರೂ ಸಿದ್ಧಪಡಿಸಿಲ್ಲ.

ಹುಳಿಯಲ್ಲಿ ಬೆಂದ ಎಳೆಯ ಬೀಜಕ್ಕೆ ಅಡ್ಡಿಯಿಲ್ಲ. ಬಲಿತುದನ್ನು ಹಸಿಯಾಗಿ ಹೆಚ್ಚು ತಿಂದರೆ ಹೊಟ್ಟೆ ಕೆಡುವುದು. ಗರ್ಭಿಣಿಯರೂ, ಸಕ್ಕರೆ ಅಥವಾ ರಕ್ತದೊತ್ತಡಕ್ಕೆ ಗುಳಿಗೆ ನುಂಗುವವರೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಹಾಗೆಂದು ಬೀಜವು ನಿರುಪಯೋಗಿಯಲ್ಲ. ಅದರಲ್ಲಿ ನೂರಕ್ಕೆ 35ರಿಂದ 40 ಪಾಲು ಎಣ್ಣೆಯುಂಟು. ಹಿಂದೆ ಗಡಿಯಾರದ ಸೂಕ್ಷ್ಮ ಚಕ್ರಗಳಿಗೂ ಅದನ್ನು ಬಿಡುತ್ತಿದ್ದರು. ಎಲ್ಲಕ್ಕಿಂತ ಸೋಜಿಗವೆಂದರೆ ನೀರಿನ ಕೆಲಸ. ಸುಡಾನಿನ ಹಳ್ಳಿಯ ಹೆಂಗಸರು ನೈಲ್ ನದಿಯ ಕೆಸರು ನೀರನ್ನು ಇದರಿಂದಲೇ ತಿಳಿಗೊಳಿಸಿದವರು. ಒಣಗಿದ ಬೀಜದ ಸಿಪ್ಪೆ ಸುಲಿದು, ಕುಟ್ಟಿ, ತುಸು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ಬೆರೆಸಬೇಕು. ಮೊದಲು ಬಿರುಸಾಗಿ, ಅನಂತರ ಮೆಲ್ಲಗೆ ಕಲಕಿ, ಒಂದೆರಡು ಗಂಟೆ ಅಲುಗಿಸದೆ ಬಿಡಬೇಕು. ಬೀಜದ ಸಸಾರಜನಕವು ಮಣ್ಣಿನ ಕಣಗಳನ್ನು ಸೆಳೆದು ಗಂಟುಕಟ್ಟಿಸಿ ತಳಕ್ಕಿಳಿಸುವುದು. ರೋಗಾಣುಗಳೂ ಬಹುಮಟ್ಟಿಗೆ ಇಳಿಯುವುವು, ಆದರೆ ಎಲ್ಲವೂ ಅಲ್ಲ. ಆದುದರಿಂದ ತಿಳಿನೀರನ್ನು ಬಸಿದು, ಕುದಿಸಿಯೇ ಕುಡಿಯತಕ್ಕದ್ದು; ಮರುದಿನಕ್ಕೆ ಇಡಕೂಡದು.